ಅಡುಗೆಮನೆಯಲ್ಲಿ ಹಾಡು ನಿಲ್ಲುವ ಹೊತ್ತು

ಇಶೆನ್‌ಬೆಕ್‌ನ ಮನೆಯಲ್ಲಿ ಆ ಚಳಿಗಾಲ ಜಗಳ ಶುರುವಾದದ್ದು ಹಾಡಿನಿಂದ. ಹಾಡು ಬಂದದ್ದರಿಂದಲ್ಲ, ನಿಂತುಹೋಗುತ್ತಿದ್ದುದರಿಂದ. ನಾನು ಅವರ ಪಕ್ಕದ ಮನೆಯವಳು. ಅವನ ಹೆಂಡತಿ ಬುರುಲ್ ನನ್ನ ಜೊತೆ ನಲವತ್ತು ವರ್ಷ ಒಂದೇ ಕೊಳಾಯಿಯಲ್ಲಿ ನೀರು ಹಿಡಿದವಳು. ಸೊಸೆ ಸಿರ್ಗಾ ಎಲ್ಲ ಮುಗಿದ ಮೇಲೆ ನನ್ನ ಮನೆಗೆ ಬಂದು ಅತ್ತು ಹೋದವಳು. ಇಬ್ಬರ ಬಾಯಿಂದ ಕೇಳಿದ್ದನ್ನು ಒಟ್ಟು ಮಾಡಿ ಹೇಳುತ್ತಿದ್ದೇನೆ. ಇಶೆನ್‌ಬೆಕ್ ತನ್ನ ಕಡೆಯ ಮಾತು ಹೇಳಲು ಬರಲಿಲ್ಲ. ಬಂದಿದ್ದರೆ ಬಾಗಿಲು ತೆಗೆಯುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಅವರ ಕಿರಿಯ ಮಗ ತಿಲೆಕ್ ಬೆಟ್ಟದ ಮೇಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ತಿಂಗಳು ಮೇಲೆ, ಒಂದು ತಿಂಗಳು ಮನೆಯಲ್ಲಿ. ಅಕ್ಟೋಬರಿನಲ್ಲಿ ಇಳಿದು ಬರುವಾಗ ಒಂದು ಕಪ್ಪು ಪೆಟ್ಟಿಗೆಯನ್ನೂ ಮೂರು ದುಂಡು ಸ್ಪೀಕರುಗಳನ್ನೂ ತಂದ. ಪೆಟ್ಟಿಗೆ ಟಿವಿಯ ಕೆಳಗೆ ಕೂತಿತು. ಒಂದು ಸ್ಪೀಕರು ನಡುಮನೆಗೆ, ಒಂದು ಅಪ್ಪನ ಕೋಣೆಗೆ, ಇನ್ನೊಂದು ಅಡುಗೆಮನೆಗೆ. ವೈರೂ ಇಲ್ಲ, ಏನೂ ಇಲ್ಲ, ಪೆಟ್ಟಿಗೆಯಲ್ಲಿ ಹಾಕಿದ ಹಾಡು ಮೂರೂ ಕಡೆ ಒಟ್ಟಿಗೆ ಕೇಳುತ್ತದೆ. ಅಡುಗೆಮನೆಗೂ ಒಂದಿರಲಿ ಎಂದವನು ಇಶೆನ್‌ಬೆಕ್‌ನೇ.

"ಕೈ ಹಿಟ್ಟಲ್ಲಿದ್ರೆ ಕಿವಿ ಯಾಕೆ ಖಾಲಿ ಇರ್ಬೇಕು? ನಮ್ಮ ಹುಡುಗಿ ಸಂಗೀತದೋಳು" ಎಂದಿದ್ದ.

ನಿಜ, ಸಿರ್ಗಾ ಸಂಗೀತದವಳು. ಮದುವೆಗೆ ಮುಂಚೆ ನಮ್ಮ ಕಾರಾಕೋಲ್‌ನ ಮಕ್ಕಳ ಸಂಗೀತ ಶಾಲೆಯಲ್ಲಿ ಪಿಯಾನೊ ನುಡಿಸುತ್ತಿದ್ದಳು. ಮಕ್ಕಳು ಹಾಡುವಾಗ, ಪಿಟೀಲು ಕುಯ್ಯುವಾಗ ಜೊತೆಗೆ ನುಡಿಸುವ ಕೆಲಸ. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವಳ ಬೆರಳು ಮುಟ್ಟಿದ್ದು ಹಿಟ್ಟು, ಕಲ್ಲಿದ್ದಲು, ಹಸುವಿನ ಕೆಚ್ಚಲು, ಇಷ್ಟೇ. ಮತ್ತೆ ಆ ಶಾಲೆಗೆ ಹೋಗಬೇಕು ಎಂಬುದೊಂದೇ ಅವಳ ಆಸೆ. ಅದನ್ನು ಬಿಟ್ಟು ಆ ಹುಡುಗಿ ದೇವರನ್ನು ಬೇರೇನೂ ಕೇಳಿದ್ದಿಲ್ಲ.

ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಹಿಡಿಯುವಂತಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರು ಅಡಗಿರುವ ಮಾತನ್ನೂ ಆಡುವಂತಿಲ್ಲ. ಮಾವನ ಹೆಸರು ಇಶೆನ್‌ಬೆಕ್, 'ಇಶೆನ್' ಎಂದರೆ ನಮ್ಮ ಮಾತಿನಲ್ಲಿ 'ನಂಬು'. ಹಾಗಾಗಿ ಎರಡು ವರ್ಷದಿಂದ ಸಿರ್ಗಾಳ ಬಾಯಲ್ಲಿ 'ನಂಬುತ್ತೇನೆ' ಎಂಬ ಮಾತೇ ಇಲ್ಲ. ಅದರ ಬದಲು 'ಒರಗುತ್ತೇನೆ' ಎನ್ನುತ್ತಿದ್ದಳು. "ಆ ಅಂಗಡಿ ಹಾಲಿಗೆ ಒರಗೋಕಾಗಲ್ಲ ಅತ್ತೆ, ನೀರು ಹಾಕ್ತಾರೆ" ಎಂದರೆ ಮೊದಮೊದಲು ನನಗೆ ನಗು ತಡೆಯುತ್ತಿರಲಿಲ್ಲ.

ಪೆಟ್ಟಿಗೆಗೆ ಎಲ್ಲರ ಫೋನನ್ನೂ ಸೇರಿಸುವಾಗ ಒಂದೊಂದಕ್ಕೂ ಹೆಸರು ಕೊಡಬೇಕಿತ್ತು. ಆ ಕೆಲಸಕ್ಕೆ ಕೂತವಳು ಸಿರ್ಗಾ. ಹೆಸರಿನ ಜಾಗ ಬಂದಾಗ ಕೈ ನಿಂತಿತು.

"ಬರೆಯೋದಕ್ಕೇನು, ಬಾಯಲ್ಲಿ ಹೇಳಿದ ಹಾಗಲ್ವಲ್ಲ" ಎಂದಳು ಬುರುಲ್.

"ಬೆರಳಲ್ಲಿ ಹೇಳಿದ್ರೂ ಹೇಳಿದ ಹಾಗೇ ಅತ್ತೆ."

ಕೊನೆಗೆ ತಾನಿಟ್ಟ ಮುದ್ದಿನ ಹೆಸರುಗಳನ್ನೇ ಹಾಕಿದಳು. ಅತ್ತೆಯ ತೋಳಿಲ್ಲದ ಅಂಗಿಯ ಗುಂಡಿ ನೋಡಿ 'ಬೆಳ್ಳಿ ಗುಂಡಿ'. ಮಾವನಿಗೆ ಹಿತ್ತಲಲ್ಲಿ ಐದು ಸೇಬಿನ ಮರಗಳಿದ್ದವು. ಅಲ್ಮಾ ಎಂದರೆ ಸೇಬು, ಅತಾ ಎಂದರೆ ಅಪ್ಪ. ಅವನು 'ಅಲ್ಮಾ ಅತಾ' ಆದ, ಗಡಿಯಾಚೆಯ ದೊಡ್ಡ ಪಟ್ಟಣದ ಹೆಸರೂ ಅದೇ. ಇಶೆನ್‌ಬೆಕ್ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದ. "ಮೂವತ್ತು ವರ್ಷ ಲಾರಿ ಹೊಡ್ಕೊಂಡು ಆ ಊರಿಗೆ ಹೋಗಿ ಬರ್ತಿದ್ದೆ. ಈಗ ನನ್ನ ಸೊಸೆ ನನ್ನನ್ನೇ ಆ ಊರು ಮಾಡ್ಬಿಟ್ಳು!"

ತಿಲೆಕ್ ಅಪ್ಪನಿಗೆ ಇನ್ನೊಂದು ಆಟವನ್ನೂ ಕಲಿಸಿದ. ಫೋನಿನಲ್ಲಿ ಅಡುಗೆಮನೆ ಎಂದು ಒತ್ತಿ ಮಾತಾಡಿದರೆ ಅಲ್ಲಿನ ಸ್ಪೀಕರು 'ಟಿಂಗ್' ಎಂದು ಗಂಟೆ ಹೊಡೆದು ಅವನ ದನಿಯನ್ನು ಕೇಳಿಸುತ್ತದೆ. ಅಲ್ಲಿನವರು ಆಡಿದ್ದು ಅವನಿಗೆ ಕೇಳುತ್ತದೆ. "ಚಹಾ ತನ್ನಿ" ಎಂದು ಸ್ಪೀಕರು ಕೂಗುವುದು, "ಹತ್ತು ಹೆಜ್ಜೆ ನಡೆದ್ರೆ ಕಾಲು ಸವೆದು ಹೋಗುತ್ತಾ?" ಎಂದು ಬುರುಲ್ ಸ್ಪೀಕರಿಗೇ ಬೈಯುವುದು. ಒಂದಷ್ಟು ದಿನ ಮನೆಯಲ್ಲಿ ನಗೆ ಇತ್ತು.

ನವೆಂಬರಿನಲ್ಲಿ ತೊಂದರೆ ಶುರುವಾಯಿತು. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಅಡುಗೆಮನೆಯ ಸ್ಪೀಕರು ಹಾಡಿನ ನಡುವೆ ಗಕ್ಕನೆ ನಿಂತುಬಿಡುತ್ತಿತ್ತು. ನಡುಮನೆಯಲ್ಲಿ ಹಾಡು ತನ್ನ ಪಾಡಿಗೆ ಹೋಗುತ್ತಿರುತ್ತದೆ, ಇಲ್ಲಿ ಮಾತ್ರ ಸದ್ದಿಲ್ಲ. ಕಾಲು ಗಂಟೆಗೋ ಅರ್ಧ ಗಂಟೆಗೋ ತಾನಾಗಿ ಮತ್ತೆ ಹಾಡುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಬುರುಲ್ ಮೈಕ್ರೊವೇವ್ ಒಲೆಯ ಮೇಲೆ ತಪ್ಪು ಹೊರಿಸಿ ಅದನ್ನು ಜಗಲಿಗೆ ಹಾಕಿಸಿದಳು. ಎರಡು ದಿನ ಎಲ್ಲರೂ ತಣ್ಣಗಿನ ಸಾರು ಕುಡಿದರು. ತಿಲೆಕ್ ಬೆಟ್ಟದಿಂದ ಫೋನು ಮಾಡಿ, "ಇಂಟರ್ನೆಟ್ ಡಬ್ಬಿ ಆರಿಸಿ ಹತ್ತಿಸು" ಎಂದ. ಆರಿಸಿ ಹತ್ತಿಸಿದರು. ಇಶೆನ್‌ಬೆಕ್ ಗೋಡೆಗೆ ಕೈ ತಟ್ಟಿ, "ಹಳೇ ರಷ್ಯನ್ ಕಟ್ಟಿದ ಮನೆ, ದಿಮ್ಮಿ ಇಷ್ಟಿಷ್ಟು ದಪ್ಪ. ಇದ್ರೊಳಗೆ ದೆವ್ವನೂ ತೂರಲ್ಲ, ನಿನ್ನ ಹಾಡು ಎಲ್ಲಿ ತೂರುತ್ತೆ?" ಎಂದ. ಆದರೂ ಏಣಿ ತಂದು ಹಿಡಿದುಕೊಂಡ. ಸೊಸೆ ಮೇಲೆ ಹತ್ತಿ ಪೆಟ್ಟಿಗೆಯನ್ನು ಕಪಾಟಿನ ನೆತ್ತಿಗೆ ಏರಿಸುವಾಗ, "ಹುಷಾರು ಮಗಳೇ, ಜಾರೀತು" ಎಂದು ಅವಳ ಹೆಜ್ಜೆಯನ್ನೇ ಕಾಯುತ್ತಾ ನಿಂತಿದ್ದ. ಇದನ್ನು ಹೇಳುವಾಗ ಸಿರ್ಗಾಳಿಗೆ ಎಲ್ಲಕ್ಕಿಂತ ಹೆಚ್ಚು ಅಳು ಬಂದಿತ್ತು.

ಹುಡುಗಿ ಬುದ್ಧಿವಂತೆ. ಅಡುಗೆಮನೆಯ ಸ್ಪೀಕರನ್ನು ಮಾವನ ಕೋಣೆಗೂ ಅವನದನ್ನು ಇಲ್ಲಿಗೂ ಅದಲುಬದಲು ಮಾಡಿದಳು. ಮರುದಿನ ನಿಂತದ್ದು ಮತ್ತೆ ಅಡುಗೆಮನೆಯಲ್ಲೇ. ಅಂದರೆ ಸ್ಪೀಕರಿನದಲ್ಲ ತಪ್ಪು, ಜಾಗದ್ದು.

"ಬಿಟ್ಬಿಡು ಮಗಳೇ, ಯಂತ್ರ ಅಂದ್ಮೇಲೆ ಒಂದು ಘಳಿಗೆ ಉಸಿರಾಡುತ್ತೆ" ಎಂದ ಇಶೆನ್‌ಬೆಕ್.

ನವೆಂಬರ್ ಕೊನೆಯಲ್ಲಿ ಸಂಗೀತ ಶಾಲೆಯ ಮುಖ್ಯಸ್ಥೆ ರೋಜಾ ಯೂಸುಪೊವ್ನಾ ಸಿರ್ಗಾಳಿಗೆ ಫೋನು ಮಾಡಿದಳು. ಪಿಯಾನೊದವಳು ಹೊಸ ವರ್ಷಕ್ಕೆ ರಾಜಧಾನಿ ಬಿಷ್ಕೆಕ್‌ಗೆ ಹೋಗುತ್ತಿದ್ದಾಳೆ, ಬರುತ್ತೀಯಾ, ಮೂರು ವಾರದಲ್ಲಿ ಹೇಳು ಎಂದಳು. ಸಿರ್ಗಾ ಈ ಸುದ್ದಿ ಹೇಳಿದ್ದು ಒಬ್ಬರಿಗೇ, ತವರಿನ ತಾಯಿಗೆ. ಬೆಳಿಗ್ಗೆ ಲಗ್ಮಾನ್ ಶಾವಿಗೆಗೆ ಹಿಟ್ಟು ಎಳೆಯುತ್ತಾ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು.

"ಯಾರಿಗೂ ಹೇಳ್ಬೇಡಮ್ಮ. ತಿಲೆಕ್ ಕೆಳಗೆ ಬರ್ಲಿ. ಅವನ ಹತ್ರ ಮಾತಾಡಿ ಆಮೇಲೆ ಅತ್ತೆಗೆ ಹೇಳ್ತೀನಿ."

"ನಿಮ್ಮತ್ತೆ ಒಪ್ತಾರಾ?"

"ಒಪ್ಪಲ್ಲ ಅನ್ಸುತ್ತೆ. ಆದ್ರೆ ನಮ್ಮ ಅಲ್ಮಾ ಅತಾ ಒಪ್ಪಿಸ್ತಾರೆ. ಅವರಿಗೆ ಒರಗಿದೀನಿ."

ಆ ಹೊತ್ತಿನಲ್ಲಿ ಹಾಡು ನಿಂತಿತ್ತು. ತಾಯಿಯ ಮಾತು ಚೆನ್ನಾಗಿ ಕೇಳಿತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡಳು ಹುಡುಗಿ.

ಮೂರು ದಿನ ಕಳೆದು ಮಧ್ಯಾಹ್ನ ಊಟಕ್ಕೆ ಕೂತಾಗ ಬುರುಲ್ ಬಾಯಿ ತೆಗೆದಳು.

"ಸೊಸೆ ಕೆಲಸಕ್ಕೆ ಹೋಗ್ತಾಳಂತೆ. ಅತ್ತೆಯಾದೋಳು ಅದನ್ನ ಊರವರ ಬಾಯಲ್ಲಿ ಕೇಳ್ಬೇಕು."

ಸಿರ್ಗಾಳ ಕೈಯ ಸೌಟು ಅಲ್ಲೇ ನಿಂತಿತು. "ಯಾರು ಹೇಳಿದ್ರು ಅತ್ತೆ?"

"ಯಾರು ಹೇಳಿದ್ರೆ ಏನು? ಬಜಾರಲ್ಲೆಲ್ಲ ಗೊತ್ತಂತೆ. ಗೊತ್ತಿಲ್ದೆ ಇರೋಳು ನಾನೊಬ್ಳೇ, ದಡ್ಡಿ."

"ಊಟದ ಹೊತ್ತಲ್ಲಿ ಬೇಡ ಬಿಡೇ" ಎಂದು ಇಶೆನ್‌ಬೆಕ್ ತಲೆ ಎತ್ತದೆ ಲಗ್ಮಾನ್ ಹೀರಿದ. ಬಜಾರಿನ ಸುದ್ದಿ ಎಂದು ಅದನ್ನು ಹೆಂಡತಿಗೆ ತಂದುಕೊಟ್ಟವನೇ ಅವನು.

ಅತ್ತೆ ಬಾಗಿಲಿಗೆ ಕಿವಿ ಕೊಡುತ್ತಾಳೆ ಎಂದು ಸಿರ್ಗಾ ತೀರ್ಮಾನಿಸಿದಳು. ಅಂದಿನಿಂದ ಫೋನು ಬಂದರೆ ಅಡುಗೆಮನೆಯ ಬಾಗಿಲು ಹಾಕಿ, ಅಡಿಯ ಸಂದಿಗೆ ಟವೆಲ್ಲು ತುರುಕಿ ಮಾತಾಡುತ್ತಿದ್ದಳು. ಟವೆಲ್ಲು ನೋಡಿ ಬುರುಲ್‌ಗೆ ಮೈಯೆಲ್ಲ ಉರಿಯಿತು. ಉಪ್ಪಿಗೆ ಜಗಳ, ಒಲೆಯ ಬೂದಿಗೆ ಜಗಳ, ಹಸುವಿಗೆ ಹುಲ್ಲು ಹಾಕಿದ್ದು ತಡವಾಯಿತೆಂದು ಜಗಳ. ನಮ್ಮ ಎರಡು ಅಂಗಳಗಳ ನಡುವೆ ಬೇಲಿಯೊಂದೇ, ಎಲ್ಲ ಕೇಳುತ್ತಿತ್ತು. ಮಧ್ಯಸ್ಥಿಕೆಗೆ ಇಶೆನ್‌ಬೆಕ್ ಇದ್ದೇ ಇದ್ದ. ಸೊಸೆಗೆ ಒಂದು ಸೇಬು ಕೊಟ್ಟು, "ಅವಳ ಮಾತು ಮನಸ್ಸಿಗೆ ಹಚ್ಕೋಬೇಡ, ನಾನಿದೀನಿ" ಎನ್ನುವನು. ಹೆಂಡತಿಯ ಪಕ್ಕ ಕೂತು, "ಹುಡುಗಿಗೆ ನಿನ್ನ ಕಂಡ್ರೆ ಆಗಲ್ಲ, ಏನೂ ಕೇಳೋಕೆ ಹೋಗ್ಬೇಡ" ಎನ್ನುವನು. ಇಬ್ಬರೂ ಅವನನ್ನು ಒಳ್ಳೆಯವನು ಎನ್ನುತ್ತಿದ್ದರು. ನಾನೂ ಅಂದಿದ್ದೇನೆ, ಸುಳ್ಳೇಕೆ.

ಹಾಡು ನಿಲ್ಲುವುದು ಹೆಚ್ಚಾದಾಗ ಸಿರ್ಗಾ ಪೆಟ್ಟಿಗೆ ಮಾರಿದ ಕಂಪನಿಗೆ ಫೋನು ಮಾಡಿದಳು. ಬಿಷ್ಕೆಕ್‌ನಿಂದ ಚಿನಾರಾ ಎಂಬ ಹೆಂಗಸು ಎತ್ತಿದಳು.

"ಖಾತೆ ಯಾರ ಹೆಸರಲ್ಲಿದೆ?"

"ನಮ್ಮ ಮಾವಂದು."

"ಹೆಸರು ಹೇಳಿ."

"ಹೇಳೋಕಾಗಲ್ಲ."

"ಸರಿ, ಒಂದೊಂದೇ ಅಕ್ಷರ ಹೇಳಿ."

"ಅದೂ ಆಗಲ್ಲ."

ಆ ಕಡೆಯಿಂದ ನಗು ಕೇಳಿತು. "ಅಯ್ಯೋ, ಸೊಸೇನಾ? ನಾನೂ ನಾರಿನ್ ಕಡೆ ಸೊಸೆನೇ ಕಣಕ್ಕ. ನಮ್ಮ ಮಾವನಿಗೆ ಗುರುವಾರ ಅಂತ್ಲೇ ಹೆಸರಿಟ್ಟಿದಾರೆ, ನಾನು ವಾರದಲ್ಲಿ ಆರೇ ದಿನ ಎಣಿಸೋದು. ನಿಮ್ಮ ನಂಬರಿಂದ ನಾನೇ ಹುಡುಕ್ತೀನಿ. ಹೆಸರು ಓದ್ತೀನಿ, ಹೂಂ ಅನ್ನಿ ಸಾಕು. ಇಶೆನ್‌ಬೆಕ್?"

"ಹೂಂ, ಅದೇ."

ಚಿನಾರಾ ಮೂರು ಪ್ರಶ್ನೆ ಕೇಳಿ, ಒಂದು ವಾರ ಹಾಡು ನಿಂತ ಹೊತ್ತನ್ನೆಲ್ಲ ಬರೆದಿಡಿ ಎಂದಳು. ಆಮೇಲೆ ಹಾಡು ನಿಂತಿರುವಾಗಲೇ ತನಗೆ ಫೋನು ಮಾಡಿ ಎಂದಳು. ಸಿರ್ಗಾ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿಗೆ ಪೆನ್ಸಿಲು ಕಟ್ಟಿದಳು. ಜಗಳವಿದ್ದರೂ ಬುರುಲ್ ತಾನೊಬ್ಬಳಿದ್ದಾಗ ನಿಂತರೆ ತಪ್ಪದೆ ಬರೆಯುತ್ತಿದ್ದಳು. ಅವಳಿಗೂ ಹಾಡು ಬೇಕಿತ್ತು. ಇಶೆನ್‌ಬೆಕ್ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅವನು ಅಡುಗೆಮನೆಗೆ ಬರುವವನೇ ಅಲ್ಲ. ಅಲ್ಲಿ ಪೆನ್ಸಿಲು ತೂಗುತ್ತಿದ್ದುದೇ ಅವನಿಗೆ ಗೊತ್ತಿರಲಿಲ್ಲ.

ವಾರ ಮುಗಿಯುವಷ್ಟರಲ್ಲಿ ರೋಜಾ ಯೂಸುಪೊವ್ನಾಳ ಫೋನು ಬಂತು. "ನಿಮ್ಮನೆ ಇಷ್ಟ ತಿಳೀತಮ್ಮ. ನಂಗೇನೂ ಬೇಜಾರಿಲ್ಲ. ಬೇರೆ ಹುಡುಗಿಗೆ ಕೆಲಸದ ಕಾಗದ ಕೊಟ್ಬಿಟ್ಟೆ" ಎಂದು ಇಟ್ಟುಬಿಟ್ಟಳು. ಸಿರ್ಗಾ ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತಿಗೆ ಹಣೆ ಕೊಟ್ಟು ಅತ್ತಳು. ಇಶೆನ್‌ಬೆಕ್ ಹಿಂದೆಯೇ ಬಂದ.

"ಹೋಗ್ಲಿ ಬಿಡು ಮಗಳೇ. ನಿಮ್ಮತ್ತೆ ಸ್ವಭಾವ ನಿಂಗೆ ಗೊತ್ತೇ ಇದೆ. ನಾನೊಬ್ಬ ಏನ್ ಮಾಡ್ಲಿ?"

ಸುಳ್ಳು ಹೇಳಲಿಲ್ಲ ನೋಡಿ. ಸುಳ್ಳಿಗೆ ಜಾಗ ಮಾಡಿಕೊಟ್ಟು ಹೋದ.

ಆರು ದಿನ ಅತ್ತೆ ಸೊಸೆ ಒಂದು ಮಾತಾಡಲಿಲ್ಲ. ಬುರುಲ್ ತಾನಾಗಿ ಕೇಳಲಿಲ್ಲ, ಕೇಳಬೇಡ ಎಂದು ಗಂಡ ಹೇಳಿದ್ದನಲ್ಲ. ಸಿರ್ಗಾ ಒಲೆಗೆ ಕಲ್ಲಿದ್ದಲು ಹಾಕುವುದು, ರೊಟ್ಟಿ ಬೇಯಿಸುವುದು, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ನಿಂತೇ ಎರಡು ತುತ್ತು ತಿನ್ನುವುದು. ಬಾಯಿಗೆ ಬೀಗ. ಆ ಮೌನದಲ್ಲಿ ಹಾಡೊಂದೇ ಅವಳಿಗೆ ಉಳಿದಿದ್ದದ್ದು, ಅದೂ ದಿನಾ ನಿಲ್ಲುತ್ತಿತ್ತು. ಏಳನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಿಂತಾಗ ಅವಳಿಗೆ ರೇಗಿಹೋಯಿತು. ಕೈ ಒರೆಸಿಕೊಂಡು ನಡುಮನೆಗೆ ಹೋಗಿ ಟಿವಿಯ ಮುಂದೆ ನಿಂತು ಚಿನಾರಾಳಿಗೆ ಫೋನು ಮಾಡಿದಳು.

"ಈಗ ನಿಂತಿದೆ."

"ಟಿವೀಲಿ ಪೆಟ್ಟಿಗೆ ಪಟ್ಟಿ ತೆಗೀರಿ ಅಕ್ಕ. ಸ್ಪೀಕರುಗಳು ಅಂತ ಇರುತ್ತೆ. ಅಡುಗೆಮನೆ ಒತ್ತಿ. ಏನಿದೆ ಓದಿ."

ಸಿರ್ಗಾ ಓದಿದಳು. "ಅಡುಗೆಮನೆ. ಬಳಕೆಯಲ್ಲಿದೆ. ಫೋನು..." ಅಲ್ಲಿಗೆ ನಿಲ್ಲಿಸಿದಳು.

"ಯಾವ ಫೋನು?"

"ಅಲ್ಮಾ ಅತಾ. ಆಲಿಸುತ್ತಿದೆ."

"ಟಿಂಗ್ ಅಂತ ಗಂಟೆ ಬಂತಾ?"

"ಇಲ್ಲ."

"ಹಾಗಾದ್ರೆ ಗಂಟೆ ಆರಿಸಿಟ್ಟಿದಾರೆ. ನಿಮ್ಮ ಸ್ಪೀಕರು ಕೆಟ್ಟಿಲ್ಲ ಅಕ್ಕ, ಸರಿಯಾಗೇ ಇದೆ. ಯಾರಾದ್ರೂ ಫೋನಿಂದ ಅದರ ಮೈಕು ತೆರೆದ್ರೆ ಹಾಡು ತಾನಾಗಿ ನಿಲ್ಲುತ್ತೆ. ಇಲ್ದಿದ್ರೆ ಆ ಕಡೆಯವರಿಗೆ ಇಲ್ಲಿನ ಮಾತು ಕೇಳ್ಸಲ್ಲ." ಚಿನಾರಾಳ ದನಿ ಇಳಿಯಿತು. "ಕೆಳಗೆ ಹಳೇ ದಾಖಲೆ ಇರುತ್ತೆ. ನೀವು ಬರೆದಿಟ್ಟ ಹೊತ್ತಿಗೆ ಹೋಲಿಸಿ ನೋಡಿ."

ಪಟ್ಟಿ ಉದ್ದಕ್ಕಿತ್ತು. ಅಲ್ಮಾ ಅತಾ, ಅಲ್ಮಾ ಅತಾ, ಅಲ್ಮಾ ಅತಾ. ತಾನೇ ಪ್ರೀತಿಯಿಂದ ಇಟ್ಟ ಹೆಸರು. ತಾಯಿಗೆ ಕೆಲಸದ ಸುದ್ದಿ ಹೇಳಿದ ಬೆಳಿಗ್ಗೆಯೂ ಇತ್ತು, ಟವೆಲ್ಲು ತುರುಕಿದ ಬೆಳಿಗ್ಗೆಗಳೂ ಇದ್ದವು. ಮಾವನ ಕೋಣೆಯ ಬಾಗಿಲು ಮುಚ್ಚಿತ್ತು. ಅಡುಗೆಮನೆಯಲ್ಲಿ ಬುರುಲ್ ಒಬ್ಬಳೇ ಆಲೂಗೆಡ್ಡೆ ಹೆರೆಯುತ್ತಾ ಮಂಡಿನೋವಿಗೆ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

"ಅಕ್ಕಾ," ಎಂದಳು ಚಿನಾರಾ, "ಬೇರೆ ಏನಾದ್ರೂ ಸಹಾಯ ಬೇಕಾಗಿತ್ತಾ?" ಆ ಕೆಲಸದವರು ಕೊನೆಗೆ ಎಲ್ಲರನ್ನೂ ಕೇಳುವ ಮಾತು ಅದು. ಸಿರ್ಗಾ ಬೇಡ ಎಂದಳು.

ಮರುದಿನ ಬಜಾರಿಗೆ ಎಂದು ಹೇಳಿ ಸಂಗೀತ ಶಾಲೆಗೆ ಹೋದಳು. ರೋಜಾ ಯೂಸುಪೊವ್ನಾ ಕನ್ನಡಕ ತೆಗೆದು ನೋಡಿದಳು.

"ನೀನೇ ಕಳಿಸಿದ್ದೆ ಅಂದ್ರಲ್ಲಮ್ಮ ನಿಮ್ಮ ಮಾವ. ಹುಡುಗಿಗೆ ಬರೋ ಮನಸ್ಸಿಲ್ಲ, ಹೇಳೋಕೆ ಸಂಕೋಚ, ಅದಕ್ಕೆ ನನ್ನ ಕಳ್ಸಿದಾಳೆ ಅಂತ. ಒಂದು ಬಕೆಟ್ ಸೇಬು ಬೇರೆ ತಂದಿದ್ರು."

"ಯಾವತ್ತು ಬಂದಿದ್ರು?"

"ಹೋದ ವಾರ ಗುರುವಾರ. ಆವತ್ತೇ ನಿಂಗೆ ಫೋನ್ ಮಾಡ್ದೆ."

ಪಕ್ಕದ ಕೋಣೆಯಲ್ಲಿ ಮಕ್ಕಳು ಹಾಡುತ್ತಿದ್ದರು. ಜೊತೆಗೆ ಯಾರೋ ಹೊಸಬಳು ಪಿಯಾನೊ ಕಲಿತುಕೊಳ್ಳುತ್ತಾ ತಪ್ಪು ತಪ್ಪು ನುಡಿಸುತ್ತಿದ್ದಳು. ಸಿರ್ಗಾ ಅಲ್ಲಿ ನಿಲ್ಲಲಾರದೆ ಹೊರಟುಬಂದಳು.

ಶನಿವಾರ ತಿಲೆಕ್ ಇಳಿದು ಬಂದ. ಅವನು ಬೂಟು ಬಿಚ್ಚುವ ಮೊದಲೇ ಅವಳು ಎಲ್ಲ ಹೇಳಿದಳು. ಅವನು ಬೂಟು ಕೈಯಲ್ಲಿ ಹಿಡಿದು ಕೂತ.

"ಅಪ್ಪ ಅಲ್ವಾ, ಬಿಡು. ವಯಸ್ಸಾಯ್ತು, ಹೊತ್ತು ಹೋಗಲ್ಲ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಲ್ಲ. ಫೋನ್ ಮಾಡಿದಾಗೆಲ್ಲ ಸಿರ್ಗಾ ಹಿಂಗಂದ್ಳು, ಹಂಗಂದ್ಳು ಅಂತಿದ್ರು. ಹೆಂಗೆ ಗೊತ್ತು ಅಂತ ನಾನೂ ಕೇಳ್ಲಿಲ್ಲ. ಮೇಲೆ ಹಿಮ, ಕತ್ತಲೆ. ನಿನ್ನ ಸುದ್ದಿ ಸಿಕ್ರೆ ಸಾಕಾಗಿತ್ತು."

"ಕೆಲಸದ್ದು?"

"ಅದು ನೀನು ನಂಗೆ ಹೇಳ್ಬೇಕಿತ್ತು" ಎಂದ.

ಭಾನುವಾರ ಮಧ್ಯಾಹ್ನ ಮಗ ಬಂದನೆಂದು ಬುರುಲ್ ಕುರಿಮಾಂಸ ಹುರಿದಿದ್ದಳು. ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಸಿರ್ಗಾ ಕ್ಯಾಲೆಂಡರಿನ ಹಾಳೆ ಹರಿದು ತಂದು ಮಾಂಸದ ತಟ್ಟೆಯ ಪಕ್ಕ ಇಟ್ಟಳು.

"ಏನಿದು?" ಎಂದಳು ಬುರುಲ್. ಹತ್ತು ದಿನಗಳ ಮೇಲೆ ಅವಳು ಸೊಸೆಗೆ ಆಡಿದ ಮೊದಲ ಮಾತು.

"ಹಾಡು ಯಾಕೆ ನಿಲ್ತಿತ್ತು ಅಂತ ಗೊತ್ತಾಯ್ತು ಅತ್ತೆ. ಅತಾ ಕೋಣೇಲಿ ಕೂತು ಅಡುಗೆಮನೆ ಮಾತು ಕೇಳ್ತಿದ್ರು. ಅವರು ಕೇಳುವಷ್ಟು ಹೊತ್ತು ಹಾಡು ನಿಲ್ತಿತ್ತು."

ಇಶೆನ್‌ಬೆಕ್ ಚಾಕು ಕೆಳಗಿಟ್ಟ.

"ಕೇಳಿದ್ರೆ ಏನಾಯ್ತು? ನನ್ನ ಮನೆ. ನಾನು ಹಿರಿಯ. ನನ್ನ ಮನೇಲಿ ನಾನು ಕೇಳಿದ್ರೆ ಕದ್ದು ಕೇಳಿದ ಹಾಗಾ?"

"ರೋಜಾ ಯೂಸುಪೊವ್ನಾ ಹತ್ರ ಹೋಗಿದ್ದು? ನಾನು ಕಳಿಸಿದೆ ಅಂದಿದ್ದು?"

ಬುರುಲ್ ಗಂಡನ ಕಡೆ ತಿರುಗಿದಳು. ಅವನು ಸೊಸೆಯನ್ನೇ ನೋಡುತ್ತಿದ್ದ. ದನಿಯನ್ನು ಮೆತ್ತಗೆ ಮಾಡಿಕೊಂಡ, ಸೇಬು ಕೊಡುವಾಗಿನ ದನಿ.

"ನಿನ್ನ ಒಳ್ಳೇದಕ್ಕೇ ಮಗಳೇ. ಮನೆ ಒಡೀಬಾರ್ದು ಅಂತ. ನನ್ನ ನಂಬು."

"ಇಶೆನ್‌ಬೇಮ್" ಎಂದಳು ಸಿರ್ಗಾ.

ನಂಬುವುದಿಲ್ಲ ಎಂದು ಅರ್ಥ. ಅವನ ಹೆಸರು ಅರ್ಧ ಅದರಲ್ಲೇ ಇದೆ, ಅವನ ಮುಖದ ಮೇಲೆಯೇ ಹೇಳಿದಳು. ತಿಲೆಕ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಅಪ್ಪನ ಹೆಸರು ಹಿಡಿದ್ಯಾ!" ಬುರುಲ್ ಬಾಯಿಗೆ ಕೈ ಇಟ್ಟುಕೊಂಡಳು. "ಕ್ಷಮೆ ಕೇಳೇ. ಮೊದ್ಲು ಕ್ಷಮೆ ಕೇಳು. ನನ್ನ ಮನೇಲಿ ಇಂಥದ್ದು ಆಗಿಲ್ಲ." ಕದ್ದು ಕೇಳಿದ್ದು, ಕೆಲಸ ಕಳೆದದ್ದು ಒಂದು ಕ್ಷಣದಲ್ಲಿ ಎಲ್ಲರಿಗೂ ಮರೆತೇ ಹೋಯಿತು. ಇಶೆನ್‌ಬೆಕ್ ಬೆನ್ನು ನೆಟ್ಟಗೆ ಮಾಡಿಕೊಂಡ. ಈಗ ಅನ್ಯಾಯ ಆದದ್ದು ಅವನಿಗೆ.

"ಕೇಳಲ್ಲ" ಎಂದಳು ಸಿರ್ಗಾ.

"ಈ ಕಾಗದ ಒಲೆಗೆ ಹಾಕ್ತೀನಿ, ಇಲ್ಲಿಗೆ ಮುಗೀಲಿ" ಎಂದು ಬುರುಲ್ ಹಾಳೆ ಎತ್ತಿಕೊಂಡಳು. ಒಲೆಯ ಬಾಯಿ ತೆಗೆದವಳು ಹಾಳೆಯನ್ನು ಕಣ್ಣಿನ ಹತ್ತಿರ ತಂದು ನಿಂತಳು.

"ಹಿಂದಿನ ವಾರ ಮಂಗಳವಾರದ್ದು ನನ್ನ ಬರವಣಿಗೆ" ಎಂದಳು. "ಹತ್ತೂ ನಲವತ್ತರಿಂದ ಹನ್ನೊಂದೂ ಕಾಲು. ಆವತ್ತು ಇವಳು ಮನೇಲಿರ್ಲಿಲ್ಲ. ನನ್ನ ತಂಗಿ ಬಂದಿದ್ಲು. ಅಡುಗೆಮನೇಲಿ ನಾವಿಬ್ರೇ ಇದ್ದಿದ್ದು."

ಹಾಳೆಯನ್ನು ಗಂಡನ ಮುಂದೆ ಹಿಡಿದಳು.

"ನಂದೂ ಕೇಳಿದ್ರಾ?"

ಇಶೆನ್‌ಬೆಕ್ ಮೇಜಿನ ಬಟ್ಟೆಯ ಮೇಲಿನ ರೊಟ್ಟಿ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡತೊಡಗಿದ.

"ಕೇಳಿದೀರಲ್ಲ, ಹೇಳಿ. ನಾನು ಆವತ್ತು ನನ್ನ ತಂಗಿಗೆ ಏನಂದೆ? ಹೇಳಲ್ವಾ? ನಾನೇ ಹೇಳ್ತೀನಿ. ಹುಡುಗಿ ಕೆಲಸಕ್ಕೆ ಹೋಗ್ಲಿ ಅಂತ ನಂಗೂ ಆಸೆ ಅಂದೆ. ನಾನು ಮದುವೆಗೆ ಅಂತ ಗ್ರಂಥಾಲಯದ ಕೆಲಸ ಬಿಟ್ಟೆ, ಇವತ್ತಿಗೂ ಆ ಬೀದೀಲಿ ಹೋಗ್ವಾಗ ಮುಖ ತಿರುಗಿಸ್ಕೊಂಡು ಹೋಗ್ತೀನಿ ಅಂದೆ. ಇವಳು ನನ್ನ ಹತ್ರ ಬಂದು ಒಂದು ಮಾತು ಕೇಳಿದ್ರೆ ಸಾಕು, ಹಸು, ಒಲೆ ನಾನು ನೋಡ್ಕೋತೀನಿ ಅಂತ ಕಣ್ಣೀರು ಹಾಕ್ದೆ. ಮಂಗಳವಾರ ನೀವು ಇದನ್ನ ಕೇಳಿದ್ರಿ." ಅವಳ ದನಿ ಏರಲಿಲ್ಲ. "ಸಿರ್ಗಾ, ಇವರು ಶಾಲೆಗೆ ಹೋಗಿದ್ದು ಯಾವತ್ತು?"

"ಅದೇ ವಾರ ಗುರುವಾರ ಅತ್ತೆ."

ಸೊಸೆ ಅತ್ತೆಗೆ ಹೆದರಿ ಹೇಳಿರಲಿಲ್ಲ. ಅತ್ತೆ ಸೊಸೆಯ ಮೇಲೆ ಮುನಿದು ಕೇಳಿರಲಿಲ್ಲ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಒಬ್ಬನಿಗೆ. ಗೊತ್ತಾದ ಎರಡನೆಯ ದಿನ ಸೇಬಿನ ಬಕೆಟ್ ಹಿಡಿದು ಹೊರಟಿದ್ದ.

"ಹೇಳಿದ್ರೆ ನೀವಿಬ್ರೂ ಒಂದಾಗ್ತಿದ್ರಿ" ಎಂದ ಇಶೆನ್‌ಬೆಕ್ ಕೊನೆಗೆ. ಚೂರುಗಳ ಮೇಲೆಯೇ ಕಣ್ಣು. "ಇವಳು ಹಗಲೆಲ್ಲ ಶಾಲೇಲಿ, ನೀನು ಕೊಟ್ಟಿಗೇಲಿ, ಸಂಜೆ ನೀವಿಬ್ರೂ ಕೂತು ಮಾತಾಡ್ಕೋತೀರಿ. ಈಗ ಅಳು ಬಂದ್ರೆ ಇಬ್ರೂ ನನ್ನ ಹತ್ರ ಬರ್ತೀರ. ಆಮೇಲೆ ಯಾರು ಬರ್ತಿದ್ರು?"

"ಅಪ್ಪಾ" ಎಂದ ತಿಲೆಕ್.

ಮಾಂಸ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿತ್ತು. ಊಟದ ಮೇಲೆ ಚಹಾ ಸುರಿಯುವುದು ಸೊಸೆಯ ಕೆಲಸ. ಸಿರ್ಗಾ ಅಭ್ಯಾಸಬಲದಿಂದ ಕೆಟಲಿಗೆ ಕೈ ಹಾಕಿದಳು. ಬುರುಲ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಗಂಡನ ಬಟ್ಟಲಿಗೆ ತಾನೇ ಸುರಿದಳು. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು ಸುರಿಯುತ್ತಾರೆ, ಮುಗಿದಂತೆ ಮತ್ತೆ ಮತ್ತೆ ಹಾಕುತ್ತಾ ಕೂರಿಸಿಕೊಳ್ಳಲೆಂದು. ಎದ್ದು ಹೋಗಲಿ ಎನಿಸಿದವರಿಗೆ ಮಾತ್ರ ತುಂಬಿಸುತ್ತಾರೆ. ಬುರುಲ್ ಅಂಚಿನವರೆಗೂ ತುಂಬಿಸಿದಳು, ಚಹಾ ಬಟ್ಟೆಯ ಮೇಲೆ ಚೆಲ್ಲಿತು, ಆಮೇಲೂ ಒಂದಿಷ್ಟು ಸುರಿದಳು.

ಇಶೆನ್‌ಬೆಕ್ ಬಟ್ಟಲನ್ನು ನೋಡಿದ. ಮಗನನ್ನು ನೋಡಿದ, ಮಗ ತಲೆ ತಗ್ಗಿಸಿದ್ದ. ಚಹಾ ಮುಟ್ಟದೆ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಯಾರೂ ಕೂರು ಎನ್ನಲಿಲ್ಲ.

ಬುರುಲ್ ಸೊಸೆಯ ಪಕ್ಕದ ಕುರ್ಚಿ ಎಳೆದು ಕೂತಳು. ಮುಖ ನೋಡದೆ ಕೇಳಿದಳು.

"ಆ ಕೆಲಸ... ಈಗ ಹೋಗಿ ಕೇಳಿದ್ರೆ ಏನಾದ್ರೂ ಆಗುತ್ತಾ?"

"ಇಲ್ಲ ಅತ್ತೆ. ಬೇರೆಯವ್ರಿಗೆ ಕೊಟ್ಟಾಯ್ತು."